ಪುಸ್ತಕದ ಬೆನ್ನಿನಲ್ಲಿದ್ದ ಕಾಗದ

"ಆ ಒದ್ದೆ ಬಟ್ಟೆ ತೆಗೀರಿ ಮೇಡಂ. ಪುಸ್ತಕ ಹಾಳಾಗುತ್ತೆ."

"ಹತ್ತು ನಿಮಿಷ," ಎಂದೆ. "ಅಷ್ಟರಲ್ಲಿ ಏನೂ ಮುಳುಗಿ ಹೋಗಲ್ಲ."

"ನಮ್ಮಮ್ಮನ ಕೈಬರಹ ಇದೆ ಅದರಲ್ಲಿ!"

"ಬರಹ ಒಳಗಿದೆ. ನಾನು ಬಟ್ಟೆ ಹಾಸಿರೋದು ಬೆನ್ನಿನ ಮೇಲೆ. ಸುಮ್ಮನೆ ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಕೊರಳು ಮುಚ್ಚಿದ್ದ ಗಡ್ಡವನ್ನು ಹಿಂಡಿಕೊಳ್ಳುತ್ತ ಬೀದಿಬಾಗಿಲಿಗೆ ಅಡ್ಡವಾಗಿ ನಿಂತ. ಪುಸ್ತಕ ಎತ್ತಿಕೊಂಡು ಓಡಿಬಿಡುತ್ತೇನೆಂದು ಹೆದರಿದ್ದನೋ ಏನೋ. ನನಗೆ ಐವತ್ತಾರು ವರ್ಷ, ಎರಡೂ ಮಂಡಿ ನೋವು. ಓಡುವ ಕಾಲ ಮುಗಿದು ಬಹಳ ದಿನವಾಗಿತ್ತು.

ನಾವಿದ್ದದ್ದು ಬೀದಿಗೇ ಬಾಗಿಲಿದ್ದ ಅವನ ತಾಯಿಯ ಕೆಲಸದ ಕೋಣೆಯಲ್ಲಿ. ಆಕೆ ನಲವತ್ತು ವರ್ಷ ಇದೇ ಮೇಜಿನ ಮೇಲೆ ಇಡೀ ಊರಿನ ಪುಸ್ತಕಗಳಿಗೆ ರಟ್ಟು ಕಟ್ಟಿದವರು. ಜನ ಅವರನ್ನು ಕರೆಯುತ್ತಿದ್ದದ್ದೂ ರಟ್ಟಮ್ಮ ಎಂದೇ. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಮೂರನೇ ತಿಂಗಳು ಮುಗಿಯುವಷ್ಟರಲ್ಲಿ ಈ ಮಗ ಕೋರ್ಟಿಗೆ ಹೋಗಿ, ನಾನು ದಿವಾಳಿಯಾಗಿದ್ದೇನೆ, ನನ್ನದೆಂದು ಹೇಳಿಕೊಳ್ಳಲು ಏನೂ ಇಲ್ಲ, ಸಾಲದಿಂದ ಬಿಡಿಸಿ ಎಂದು ಅರ್ಜಿ ಹಾಕಿದ್ದ. ಅರ್ಜಿಯಲ್ಲಿ ಸ್ವಂತ ಮನೆ ಎಂಬ ಜಾಗದ ಮುಂದೆ 'ಇಲ್ಲ' ಎಂದು ಬರೆದಿದ್ದ. ವಾಸದ ವಿಳಾಸದಲ್ಲಿ ಮಾತ್ರ ಇದೇ ಮನೆ.

ಆ ಎರಡು ಸಾಲುಗಳ ನಡುವೆ ಏನಿದೆ ಎಂದು ನೋಡಲು ನನ್ನನ್ನು ಕಳಿಸಿದ್ದರು.

ಕಳಿಸಿದವರು ರಿಸೀವರ್. ದಿವಾಳಿಯಾದವರ ಆಸ್ತಿಯನ್ನು ಕೋರ್ಟಿನ ಪರವಾಗಿ ವಹಿಸಿಕೊಂಡು ಸಾಲ ಕೊಟ್ಟವರಿಗೆ ಹಂಚುವ ವಕೀಲರು. ನಾನು ಇಪ್ಪತ್ತೆರಡು ವರ್ಷ ಕೋರ್ಟಿನ ಪರವಾಗಿ ಮನೆಮನೆಗೆ ಹೋಗಿ ಸಾಮಾನು ಜಪ್ತಿ ಮಾಡಿದವಳು. ಈಗ ಇಂಥವರಿಗೆ ಪತ್ತೆ ಕೆಲಸ ಮಾಡಿಕೊಡುತ್ತೇನೆ. ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ. ನಾನು ಬೀದಿಗೆ ಕಾಲಿಟ್ಟರೆ ಸಾಕು, "ಜಪ್ತಿಯಮ್ಮ ಬಂದ್ಲು" ಎಂದು ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ನನಗೇನೂ ಬೇಸರವಿಲ್ಲ. ಮುಚ್ಚಿದ ಕಿಟಕಿಯ ಹಿಂದೆ ಏನೋ ಇದೆ ಎಂದು ಆಗಲೇ ಗೊತ್ತಾಗುತ್ತದೆ.

"ಬಟ್ಟೆ ನೆನೆಯೋವರೆಗೆ ಪಟ್ಟಿ ಮುಗಿಸೋಣ," ಎಂದು ನನ್ನ ಹಾಳೆ ತೆಗೆದೆ. ಬೆಳಗ್ಗೆ ಮನೆಯ ಮೂಲೆ ಮೂಲೆ ನೋಡಿ ಬರೆದುಕೊಂಡಿದ್ದ ಸಾಮಾನಿನ ಪಟ್ಟಿ. ಒಂದೊಂದು ವಸ್ತುವೂ ಯಾರದೆಂದು ಅವನ ಬಾಯಿಂದ ಕೇಳಿ ಗುರುತು ಹಾಕಬೇಕಿತ್ತು.

"ಮರದ ಬೀರು?"

"ಅಮ್ಮಂದು."

"ಮಂಚ?"

"ಅಮ್ಮಂದು."

"ಗೋಡೆ ಗಡಿಯಾರ?"

"ಅಮ್ಮಂದು."

"ಫ್ಯಾನು, ಇಸ್ತ್ರಿ ಪೆಟ್ಟಿಗೆ, ರೇಡಿಯೋ?"

"ಅಮ್ಮಂದು, ಅಮ್ಮಂದು, ಅಮ್ಮಂದು. ಎಷ್ಟು ಸಲ ಹೇಳ್ಬೇಕು? ಈ ಮನೇಲಿ ನಂದು ಅಂತ ಒಂದು ಗುಂಡುಸೂಜೀನೂ ಇಲ್ಲ."

"ಬಚ್ಚಲಿನ ಕನ್ನಡಿ? ಗಡ್ಡದ ಬ್ರಷ್ಷು?"

"ಅಮ್ಮಂದು."

ನಾನು ಪೆನ್ನು ಕೆಳಗಿಟ್ಟೆ. "ನಿಮ್ಮಮ್ಮ ದಿನಾ ಗಡ್ಡ ತೆಗೀತಿದ್ರಾ?"

ಅವನ ಕಿವಿ ಕೆಂಪಾಯಿತು. "ನಂದೇ. ಬರ್ಕೊಳ್ಳಿ. ಅದನ್ನೂ ಹರಾಜು ಹಾಕಿ, ಸಾಲ ತೀರಿಹೋಗ್ಲಿ."

ನಗು ಬಂತು, ನಕ್ಕೆ. 'ಬ್ರಷ್ಷು ಒಂದು, ಒದ್ದೆ' ಎಂದು ಬೆಳಗ್ಗೆ ಬರೆದಿದ್ದ ಸಾಲಿನ ಮುಂದೆ 'ಅರ್ಜಿದಾರ' ಎಂದು ಸೇರಿಸಿದೆ. ಆ ಗಳಿಗೆಯಲ್ಲಿ ನನ್ನ ತಲೆ ಪೂರ್ತಿ ಪುಸ್ತಕದ ಬೆನ್ನಿನ ಮೇಲಿತ್ತು. ಬರೆಯುವ ಕೈ ಕಂಡದ್ದನ್ನು ತಲೆ ಕಾಣಲಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿ ಇಂಥ ತಪ್ಪು ಮಾಡಿದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬೀದಿಬಾಗಿಲನ್ನು ಯಾರೋ ದೂಡಿದರು. ಅಡ್ಡ ನಿಂತಿದ್ದ ಅವನ ಬೆನ್ನಿಗೆ ಬಾಗಿಲು ಬಡಿಯಿತು.

"ಸರಿಯೋ ಆಚೆ. ಕೋಟೆ ಕಾಯೋ ಹಾಗೆ ನಿಂತಿದ್ದಾನೆ."

ಬಂದವಳು ಅವನ ಅಕ್ಕ. ಆಸ್ಪತ್ರೆಯ ಹೆಡ್ ನರ್ಸು. ಯೂನಿಫಾರ್ಮಿನಲ್ಲೇ ಬಂದಿದ್ದಳು, ಜೇಬಿಗೆ ಗಡಿಯಾರ ತೂಗುಹಾಕಿಕೊಂಡು. ಮೇಜಿನ ಮೇಲಿನ ಪುಸ್ತಕ, ಅದರ ಬೆನ್ನಿನ ಮೇಲಿನ ಬಟ್ಟೆ ಎರಡನ್ನೂ ನೋಡಿದಳು. ಮುಖದಲ್ಲಿ ಏನೂ ಕದಲಲಿಲ್ಲ. ಆದರೆ ಚೀಲ ಕೆಳಗಿಡುವಾಗ ಕುರ್ಚಿ ತಪ್ಪಿ ನೆಲಕ್ಕೆ ಇಟ್ಟಳು.

"ಇದೇನು ಹೊಸ ಆಟ?" ಎಂದಳು.

"ನೋಡೋಣ ಅಂತ."

"ಕೈಬರಹದವರು ಏನೂ ಹೇಳೋಕಾಗಲ್ಲ ಅಂದ್ರಂತಲ್ಲ. ಈಗ ಪುಸ್ತಕದ ಚರ್ಮ ಸುಲಿಯೋಕೆ ಬಂದ್ರಾ?"

ಹೌದು, ಕೈಬರಹ ಪರೀಕ್ಷಿಸುವವರು ಹೋದ ವಾರ ಕೈ ಎತ್ತಿದ್ದರು. ಈ ಪುಸ್ತಕ ರಟ್ಟಮ್ಮ ಗಿರಾಕಿಗಳ ಕೆಲಸ ಬರೆದಿಡುತ್ತಿದ್ದ ಪುಸ್ತಕ. ನಡುವೆ ನಾಲ್ಕು ಹಾಳೆಯಲ್ಲಿ, ಎರಡು ವರ್ಷದ ಹಿಂದಿನ ತಾರೀಕು ಹಾಕಿ, 'ನನ್ನ ನಂತರ ಈ ಮನೆ ಪೂರ್ತಿ ನನ್ನ ಮಗಳಿಗೆ' ಎಂದು ಉಯಿಲು ಬರೆದಿತ್ತು. ಅದು ನಿಜವಾದರೆ ಮನೆ ಅಕ್ಕನದು, ತಮ್ಮನ ಸಾಲದವರಿಗೆ ಒಂದು ಇಟ್ಟಿಗೆಯೂ ಸಿಗುವುದಿಲ್ಲ. ಸುಳ್ಳಾದರೆ ಅರ್ಧ ಮನೆ ಅವನ ಪಾಲು. ಆ ಪಾಲು ಹರಾಜಿಗೆ, ಅವನು ಬೀದಿಗೆ, ಸುಳ್ಳು ಪ್ರಮಾಣ ಮಾಡಿದ್ದಕ್ಕೆ ಬೀದಿಯಿಂದ ಜೈಲಿಗೆ. ಹೆಂಡತಿ ಆರು ತಿಂಗಳ ಹಿಂದೆಯೇ ಬಿಟ್ಟು ಹೋಗಿದ್ದಳು. ಈ ಚಾವಣಿ ಬಿಟ್ಟರೆ ತಲೆ ಇಡಲು ಅವನಿಗೆ ಬೇರೆ ಜಾಗವಿರಲಿಲ್ಲ. ನನ್ನ ವರದಿ ಸೋಮವಾರ ಕೋರ್ಟಿಗೆ ಹೋಗಬೇಕಿತ್ತು.

ನನ್ನನ್ನು ಮೊದಲ ದಿನದಿಂದ ಕಾಡಿದ್ದು ಬರಹವಲ್ಲ. ಈ ಅಕ್ಕ ತಮ್ಮ ಹಾವು ಮುಂಗುಸಿ. ಒಬ್ಬರ ನೆರಳು ಕಂಡರೆ ಒಬ್ಬರಿಗೆ ಆಗದು. ಆದರೆ ಮನೆಯ ವಿಷಯ ಬಂದರೆ ಇಬ್ಬರ ಬಾಯಲ್ಲೂ ಒಂದೇ ಮಾತು, ಅದೇ ಪದ, ಅದೇ ತಾರೀಕು. ಆಸ್ತಿ ಇರುವ ಮನೆಯಲ್ಲಿ ಒಡಹುಟ್ಟಿದವರು ಹೀಗೆ ಒಂದಾಗಿದ್ದನ್ನು ನಾನು ಇದಕ್ಕೆ ಮುಂಚೆ ಕಂಡಿರಲಿಲ್ಲ.

"ನಿಮ್ಮಮ್ಮ ಒಂದು ಚೂರು ಕಾಗದಾನೂ ಬಿಸಾಡ್ತಿರಲಿಲ್ಲವಂತೆ, ಹೌದಾ?" ಎಂದೆ.

"ಅದು ಇಡೀ ಊರಿಗೆ ಗೊತ್ತು," ಎಂದಳು ಅಕ್ಕ.

"ಶಾಲೆಯ ಗುಮಾಸ್ತರೂ ಹಾಗೇ ಅಂದ್ರು. ಹೊಲಿಗೆ ಹಾಕಿದ ಮೇಲೆ ಪುಸ್ತಕದ ಬೆನ್ನು ಗಟ್ಟಿಯಾಗಲಿ ಅಂತ ಅಲ್ಲಿ ಕಾಗದದ ಪಟ್ಟಿ ಅಂಟಿಸ್ತಾರೆ. ನಿಮ್ಮಮ್ಮ ಅದಕ್ಕೆ ಹೊಸ ಕಾಗದ ತಂದವರೇ ಅಲ್ಲ. ಆ ದಿನ ಮೇಜಿನ ಮೇಲೆ ಏನು ಬಿದ್ದಿದೆಯೋ ಅದೇ. ಬಸ್ ಟಿಕೆಟ್ಟು, ಔಷಧಿ ಚೀಟಿ, ಕ್ಯಾಲೆಂಡರ್ ಹಾಳೆ. ಹೋದ ವಾರ ಶಾಲೆಯ ಮೂರು ಹಳೇ ಹಾಜರಿ ಪುಸ್ತಕ ಬಿಚ್ಚಿ ನೋಡಿದೆ. ರಟ್ಟು ಕಟ್ಟಿದ ತಾರೀಕು, ಬೆನ್ನೊಳಗಿನ ಟಿಕೆಟ್ಟಿನ ತಾರೀಕು, ಒಂದು ವಾರ ಆಚೆ ಈಚೆ ಇಲ್ಲ."

ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ಅವನನ್ನು ನೋಡಲಿಲ್ಲ.

"ಪುಸ್ತಕದ ಕೆಲಸ ನನಗೇನು ಗೊತ್ತು," ಎಂದ ಅವನು. "ನಾನು ಮೆಷಿನ್ನಿನವನು."

"ನೀನು ಮೆಷಿನ್ನಿನವನು ಅಂತಲೇ ಈ ಗತಿ ಬಂದಿದ್ದು," ಅಕ್ಕ ಉರಿದುಬಿದ್ದಳು. "ಅಂಟು ಹಾಕೋ ಮೆಷಿನ್ ತರ್ತೀನಿ, ದಿನಕ್ಕೆ ಸಾವಿರ ನೋಟ್‌ಬುಕ್ಕು ಅಂದ. ಅಮ್ಮ ಬೇಡ ಬೇಡ ಅಂತ ಬಡ್ಕೊಂಡ್ಲು, ಹೊಲಿಗೆ ಇಲ್ಲದ ಪುಸ್ತಕ ನಿಲ್ಲಲ್ಲ ಕಣೋ ಅಂತ. ಮೂರೇ ತಿಂಗಳು. ಮಕ್ಕಳ ಕೈಲಿ ಹಾಳೆ ಎಲ್ಲ ಉದುರಿ, ಲಾರಿಗಟ್ಟಲೆ ವಾಪಸ್ ಬಂತು. ಅಮ್ಮ ಈ ಮೇಜಿನ ಹತ್ರ ಕೂತು, ಇವನ ನೋಟ್‌ಬುಕ್ಕಿಗೆ ಒಂದೊಂದಕ್ಕೂ ಹೊಲಿಗೆ ಹಾಕ್ತಾ ಹಾಕ್ತಾನೇ ಸತ್ತಳು."

"ಸಾಯೋವಾಗ ನೀನೆಲ್ಲಿದ್ದೆ?" ಎಂದ ತಮ್ಮ.

ಅಕ್ಕ ತಲೆ ತಗ್ಗಿಸಿ ಜೇಬಿನ ಗಡಿಯಾರವನ್ನು ಹಿಡಿದುಕೊಂಡಳು.

"ಹೇಳು. ಎಲ್ಲಿದ್ದೆ? ಊರವರ ಕೈಗೆಲ್ಲ ಗ್ಲೂಕೋಸ್ ಚುಚ್ತಾ ಇದ್ದೆ. ಅಮ್ಮನ ಕೊನೇ ಉಸಿರಿಗೆ ಕೈ ಹಿಡ್ಕೊಂಡಿದ್ದವನು ನಾನು. ನಾನೊಬ್ಬನೇ. ಅದನ್ನ ಮರೀಬೇಡ."

ಈ ಮಾತನ್ನು ನಾನು ಮೂರನೇ ಸಲ ಕೇಳುತ್ತಿದ್ದೆ. ಅಕ್ಕ ಜೋರು ಮಾಡಿದಾಗಲೆಲ್ಲ ಅವನು ಇದನ್ನು ಹೊರಗೆ ತೆಗೆಯುತ್ತಿದ್ದ, ಅವಳು ಪ್ರತಿ ಸಲವೂ ಹಾಗೇ ಕುಗ್ಗುತ್ತಿದ್ದಳು. ಅವಳ ಮೇಲೆ ನನಗೆ ಮರುಕ ಬಂತು. ಅವನ ಕೆನ್ನೆಗೆ ಬಿಡಬೇಕೆನಿಸಿತು. ಎರಡನ್ನೂ ಮಾಡದೆ ಗಡಿಯಾರ ನೋಡಿದೆ. ಹತ್ತು ನಿಮಿಷವಾಗಿತ್ತು.

ಬಟ್ಟೆ ಎತ್ತಿದೆ. ರಟ್ಟಮ್ಮನದೇ ಮೊಂಡು ಚಾಕುವನ್ನು ಬೆನ್ನಿನ ಅಂಚಿಗೆ ತೂರಿಸಿದೆ.

"ಬೇಡ," ಎಂದಳು ಅಕ್ಕ.

"ಯಾಕೆ?"

"ಹರಿಯುತ್ತೆ. ನೀವು ಮೇಲಿಂದ ಎಳೀತಿದ್ದೀರ. ಕೆಳಗಿಂದ ಬಿಡಿಸಬೇಕು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಂಟಿನ ಕೆಲಸ ತಪ್ಪಾಗುವುದನ್ನು ನೋಡಿಕೊಂಡು ಸುಮ್ಮನಿರಲು ಅವಳಿಂದ ಆಗಲಿಲ್ಲ. ನಾನು ಕೆಳಗಿಂದಲೇ ಬಿಡಿಸಿದೆ. ಅವಳು ಹೇಳಿದ್ದು ಸರಿಯಿತ್ತು.

ಬೆನ್ನಿಗೆ ಅಂಟಿಸಿದ್ದ ಬಟ್ಟೆಯ ಪದರ ಸುಲಿದು ಬಂತು. ಅದರ ಕೆಳಗೆ ಕಾಗದದ ಪಟ್ಟಿಗಳು, ಒಂದರ ಪಕ್ಕ ಒಂದು, ನಾಲ್ಕು. ಟಿಕೆಟ್ಟಲ್ಲ, ಔಷಧಿ ಚೀಟಿಯಲ್ಲ. ದಪ್ಪ ಬಿಳೀ ಕಾಗದ. ಸ್ಟೀಲ್ ಸ್ಕೇಲ್ ಇಟ್ಟು ನೇರವಾಗಿ ಕೊಯ್ದದ್ದು. ಒಂದೊಂದರ ಮೇಲೂ ನೀಲಿ ಶಾಯಿಯಲ್ಲಿ ಎರಡೆರಡು ಸಾಲು.

ನಾನು ಓದುತ್ತಿದ್ದದ್ದು ರಟ್ಟಮ್ಮನ ಬರಹ. ಅಂಕುಡೊಂಕು, ವಯಸ್ಸಾದ ಕೈ. ಒಳಗಿನ ಉಯಿಲು ಆಕೆಯ ಹಳೇ ಲೆಕ್ಕದ ದುಂಡು ಅಕ್ಷರವನ್ನೇ ಹೋಲುತ್ತಿತ್ತು, ಇದು ಅಷ್ಟು ಚೆಂದವಿರಲಿಲ್ಲ.

ಮೊದಲ ಪಟ್ಟಿಯಲ್ಲಿ ತಾರೀಕು. ಆಕೆ ಸಾಯುವುದಕ್ಕೆ ಹತ್ತೊಂಬತ್ತು ದಿನ ಮುಂಚಿನದು.

"ಎರಡು ವರ್ಷದ ಹಿಂದಿನ ಉಯಿಲು," ಎಂದೆ. "ಅದರ ಬೆನ್ನಿಗೆ ಈ ವರ್ಷದ ಕಾಗದ. ಹೇಗೆ ಬಂತು?"

ಇಬ್ಬರೂ ಪಟ್ಟಿಗಳನ್ನೇ ನೋಡುತ್ತಿದ್ದರು.

"ನಾನೇ ಹೇಳ್ತೀನಿ. ಹಳೇ ಪುಸ್ತಕ ಬಿಚ್ಚಿ, ನಡುವೆ ನಾಲ್ಕು ಹಾಳೆ ಸೇರಿಸಿ, ಮತ್ತೆ ಹೊಲಿದಿದ್ದೀರಿ. ಹೊಲಿದ ಮೇಲೆ ಬೆನ್ನಿಗೆ ಕಾಗದ ಬೇಕಲ್ಲ. ಮೇಜಿನ ಮೇಲೆ ಬಿದ್ದಿದ್ದು ಇದು. ಬೇರೆ ಯಾರಾದ್ರೂ ಆಗಿದ್ರೆ ಇದನ್ನ ಒಲೆಗೆ ಹಾಕ್ತಿದ್ರು. ನೀವು ರಟ್ಟಮ್ಮನ ಮಗಳು. ಇಷ್ಟು ಒಳ್ಳೇ ದಪ್ಪ ಕಾಗದ ಸುಡೋಕೆ ನಿಮಗೆ ಕೈ ಬರಲಿಲ್ಲ."

ಅಕ್ಕ ನೆಲದ ಮೇಲಿನ ಚೀಲವನ್ನು ಎತ್ತಿ ಕುರ್ಚಿಯ ಮೇಲಿಟ್ಟಳು. ಆಮೇಲೆ ಅದನ್ನು ಮತ್ತೆ ತೆಗೆದು ತಾನೇ ಕುರ್ಚಿಯಲ್ಲಿ ಕೂತಳು.

"ಯೋಚನೆ ಮಾಡಿ ಮಾಡಿದ್ದಲ್ಲ," ಎಂದಳು. "ಆರು ವರ್ಷದವಳಿದ್ದಾಗಿಂದ ಈ ಮೇಜಿನಲ್ಲಿ ಪಟ್ಟಿ ಕತ್ತರಿಸಿದವಳು ನಾನು. ಕೈ ತಾನಾಗೇ ಹೋಯ್ತು."

"ಅಕ್ಕಾ, ಬಾಯಿ ಮುಚ್ಚು!"

"ನೀನು ಮುಚ್ಚೋ. ಸಿಕ್ಕಿಬಿದ್ದಾಯ್ತು."

ಮಿಕ್ಕ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ಮೇಲೆ ಸಾಲಾಗಿ ಹರಡಿದೆ. ನಾನು ಕೂತಿದ್ದದ್ದು ಒಳಮನೆಯ ಬಾಗಿಲಿಗೆ ಬೆನ್ನು ಹಾಕಿ. ಕಿಟಕಿಯ ಬೆಳಕು ಎದುರಿಗಿತ್ತು, ಅಕ್ಷರ ಚೆನ್ನಾಗಿಯೇ ಕಂಡವು. ಎರಡನೇ ಪಟ್ಟಿ: 'ಚಿಕ್ಕವನು ಕೈಗೆ ಸಿಕ್ಕಿದ್ದನ್ನೆಲ್ಲ ಕಳೆದ. ಇದನ್ನೂ ಕಳೆಯುತ್ತಾನೆ.' ಮೂರನೆಯದು: 'ಆದ್ದರಿಂದ ಈ ಮನೆ ಪೂರ್ತಿ ನನ್ನ ದೊಡ್ಡ ಮಗನಿಗೆ ಸೇರತಕ್ಕದ್ದು.' ನಾಲ್ಕನೆಯದು: 'ಅವನು ತಪ್ಪು ಮಾಡಿದ. ನಾನೂ ಅವನಿಗೆ ತಪ್ಪು ಮಾಡಿದೆ.'

ಮೂರನೇ ಪಟ್ಟಿಯನ್ನು ಮತ್ತೊಮ್ಮೆ ಓದಿದೆ. ಇಷ್ಟು ದಿನ ನನ್ನ ಕಡತದಲ್ಲಿ ರಟ್ಟಮ್ಮನಿಗೆ ಇಬ್ಬರೇ ಮಕ್ಕಳು.

"ದೊಡ್ಡ ಮಗ ಯಾರು?"

"ನಮ್ಮಣ್ಣ," ಎಂದಳು ಅಕ್ಕ. ಅವಳ ದನಿಯಲ್ಲಿ ಜಗಳ ಇಳಿದುಹೋಗಿತ್ತು. "ಹತ್ತೊಂಬತ್ತು ವರ್ಷದಲ್ಲಿ ಅಮ್ಮನ ಹತ್ರ ಜಗಳ ಆಡಿ, ಅವಳ ಪೆಟ್ಟಿಗೆ ಒಡೆದು ದುಡ್ಡು ತಗೊಂಡು ಹೋದ. ಅವತ್ತೇ ಹೊಳೆ ದಾಟೋ ದೋಣಿ ಮಗುಚ್ತು. ಹದಿನಾಲ್ಕು ಜನ ಇದ್ರಂತೆ. ಹನ್ನೊಂದು ಹೆಣ ಸಿಕ್ತು. ಅವನದು ಸಿಗಲಿಲ್ಲ. ಮೂವತ್ತು ವರ್ಷ ಆಯ್ತು."

"ಸತ್ತವನಿಗೆ ಮನೆ ಬರೆದ್ರಾ?"

"ಅದಕ್ಕೇ ಕತ್ತರಿಸಿದ್ದು! ಕೊನೆಕೊನೆಗೆ ಅಮ್ಮನಿಗೆ ತಲೆ ನೆಟ್ಟಗಿರಲಿಲ್ಲ ಅಂದ್ಕೊಂಡೆ. ಸತ್ತವನ ಹೆಸರಲ್ಲಿರೋ ಉಯಿಲು ಕೋರ್ಟಿಗೆ ಹೋದ್ರೆ ಏನಾಗುತ್ತೆ? ಮನೆ ನಮ್ಮಿಬ್ಬರಿಗೆ ಅರ್ಧರ್ಧ. ಇವನ ಅರ್ಧ ಹರಾಜು. ಅಮ್ಮ ಹೊಲಿಗೆ ಹಾಕಿ ಹಾಕಿ ಕಟ್ಟಿಸಿದ ಮನೆ, ನಡುವೆ ಗೋಡೆ ಎಬ್ಬಿಸಿ ಯಾರೋ ಬಂದು ಕೂರ್ತಾರೆ. ಇವನ ಮುಖ ನೋಡಿ ಮಾಡಿದ್ದಲ್ಲ ನಾನು. ಇವನು ಬೀದಿಗೆ ಬಿದ್ರೂ ತಿರುಗಿ ನೋಡ್ತಿರಲಿಲ್ಲ. ಆದ್ರೆ ಕೊನೇಲಿ ಇವನು ಅಮ್ಮನ ಪಕ್ಕದಲ್ಲಿದ್ದ. ನಾನಿರಲಿಲ್ಲ. ಆ ಋಣ ಒಂದು ತೀರಿಸೋಣ ಅಂತ ಬರೆದೆ."

ನನ್ನ ಸಾಮಾನಿನ ಪಟ್ಟಿಯ ಹಾಳೆ ಪಕ್ಕದಲ್ಲೇ ಬಿದ್ದಿತ್ತು, ಕಣ್ಣು ಸುಮ್ಮನೆ ಅದರ ಮೇಲೆ ಓಡಿತು. ಬೀರು, ಮಂಚ, ಗಡಿಯಾರ. ಎಲ್ಲದರ ಮುಂದೆಯೂ ಅಮ್ಮ, ಅಮ್ಮ, ಅಮ್ಮ. ಕೊನೆಯಲ್ಲಿ: ಬ್ರಷ್ಷು ಒಂದು, ಒದ್ದೆ.

ತಲೆ ಎತ್ತಿ ಅವನ ಗಡ್ಡ ನೋಡಿದೆ.

"ಈ ಗಡ್ಡ ಬಿಟ್ಟು ಎಷ್ಟು ದಿನ ಆಯ್ತು?"

"ಅಮ್ಮ ಹೋದಾಗಿಂದ. ಯಾಕೆ?"

"ಮನೇಲಿ ನೀವೊಬ್ಬರೇ ಇರೋದು?"

"ಹೌದು ಅಂತ ನೂರು ಸಲ ಹೇಳಿದ್ದೀನಿ."

"ಹಾಗಾದ್ರೆ ಬೆಳಗ್ಗೆ ನಾನು ಬರೋ ಮುಂಚೆ ನಿಮ್ಮ ಬಚ್ಚಲಲ್ಲಿ ಗಡ್ಡ ತೆಗೆದವರು ಯಾರು?"

ಅವನು ಬಾಯಿ ತೆರೆದ. ಈ ಸಲ 'ಅಮ್ಮಂದು' ಎನ್ನಲು ಆಗಲಿಲ್ಲ.

ಅಕ್ಕ ಒಮ್ಮೆ ನನ್ನ ಮುಖ, ಒಮ್ಮೆ ತಮ್ಮನ ಮುಖ ನೋಡಿದಳು. "ಏನು ಕೇಳ್ತಿದ್ದಾರೋ ಇವರು? ಯಾರೋ ಇರೋದು ಇಲ್ಲಿ?"

ಅವನು ಬಾಗಿಲಿಗೆ ಒರಗಿ ಹಾಗೇ ಕುಸಿದು ಕೂತ.

"ಅಣ್ಣ ಸತ್ತಿಲ್ಲ ಅಕ್ಕ."

ಮನೆಯ ವಿಷಯದಲ್ಲಿ ಈ ಅಕ್ಕ ತಮ್ಮ ನನ್ನೆದುರು ಬೇರೆ ಬೇರೆ ಮಾತು ಆಡಿದ್ದು ಇದೇ ಮೊದಲು. ಅಕ್ಕನ ಮುಖ ಬಿಳಿಚಿಹೋಯಿತು. ಅವಳಿಗೆ ಗೊತ್ತಿರಲಿಲ್ಲ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ಆದರೆ ನನ್ನ ತಲೆ ಆಗಲೇ ಬೇರೆ ಕಡೆ ಓಡುತ್ತಿತ್ತು. ದೊಡ್ಡ ಮಗ ಬದುಕಿದ್ದರೆ ಈ ಮನೆ ಅವನದು. ಈ ದಿವಾಳಿಯ ಅರ್ಜಿ ಮನೆಯ ಹೊಸ್ತಿಲನ್ನೂ ಮುಟ್ಟುವಂತಿರಲಿಲ್ಲ. ಅಮ್ಮನ ನಿಜವಾದ ಉಯಿಲನ್ನು ಹಾಗೇ ಕೋರ್ಟಿಗೆ ಕೊಟ್ಟಿದ್ದರೆ ಸಾಕಿತ್ತು, ಸುಳ್ಳು ಬರೆಯುವ ಅಗತ್ಯವೇ ಇರಲಿಲ್ಲ.

"ಅಕ್ಕ ಅದನ್ನ ಕತ್ತರಿಸೋವಾಗ ನೀವು ಎದುರಿಗೇ ಇದ್ದಿರಬೇಕು," ಎಂದೆ. "ಒಂದು ಮಾತು ಹೇಳಿದ್ರೆ ಮನೆ ಉಳೀತಿತ್ತು. ಯಾಕೆ ಹೇಳಲಿಲ್ಲ?"

"ಹೇಳೋ ಹಾಗಿರಲಿಲ್ಲ."

"ಯಾಕೆ?"

"ಅವನು ಇದ್ದಾನೆ ಅಂದ್ರೆ, ಯಾವಾಗ ಬಂದ ಅಂತ ಕೇಳ್ತೀರ. ಅವತ್ತು ಎಲ್ಲಿದ್ದ ಅಂತ ಕೇಳ್ತೀರ." ಅವನು ಅಕ್ಕನ ಕಡೆ ತಿರುಗಿದ. ನಲವತ್ತು ದಾಟಿದ ಗಂಡಸಿನ ಮುಖ ಮಗುವಿನದರ ಹಾಗೆ ಸೊಟ್ಟಗಾಯಿತು. "ಅಮ್ಮನ ಕೈ ಹಿಡ್ಕೊಂಡಿದ್ದವನು ನಾನಲ್ಲ ಅಕ್ಕಾ. ಸುಳ್ಳು ಹೇಳಿದೆ. ನಾನು ಮನೆಗೆ ಬಂದಾಗ ಈ ಕೋಣೆ ಬಾಗಿಲು ಒಳಗಿಂದ ಹಾಕಿತ್ತು. ತುಂಬಾ ಹೊತ್ತು ಬಡಿದೆ. ತೆಗೆದವನು ಅವನು."

ಅಕ್ಕ ಕುರ್ಚಿಯಿಂದ ಎದ್ದಳು. ಕಿರುಚುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಅವಳು ತಮ್ಮನ ಮುಂದೆ ಮಂಡಿಯೂರಿ, ವಾರ್ಡಿನಲ್ಲಿ ಕೇಳುವ ದನಿಯಲ್ಲಿ ಕೇಳಿದಳು:

"ಬಾಗಿಲು ತೆಗೆದಾಗ ಅಮ್ಮ ಉಸಿರಾಡ್ತಿದ್ಲಾ?"

ನನ್ನ ಕತ್ತಿನ ಹಿಂದೆ ತಣ್ಣನೆ ಗಾಳಿ ಸೋಕಿತು. ಮೇಜಿನ ಮೇಲಿನ ನಾಲ್ಕನೇ ಪಟ್ಟಿ ಎದ್ದು ಹಾರಿ ನೆಲಕ್ಕೆ ಬಿತ್ತು. ಬೀದಿಬಾಗಿಲು ಮುಚ್ಚಿತ್ತು, ಅದಕ್ಕೆ ಅವನೇ ಒರಗಿ ಕೂತಿದ್ದ. ಕಿಟಕಿಯ ಗಾಜೂ ಮುಚ್ಚಿತ್ತು. ತೆರೆದದ್ದು ಒಳಮನೆಯಾಚೆಯ ಹಿತ್ತಿಲ ಬಾಗಿಲೇ ಇರಬೇಕು.

"ಹೇಳೋ," ಎಂದಳು ಅಕ್ಕ. "ಅಮ್ಮ ಉಸಿರಾಡ್ತಿದ್ಲಾ?"

ತಮ್ಮ ಅವಳನ್ನು ನೋಡುತ್ತಿರಲಿಲ್ಲ. ನನ್ನನ್ನೂ ನೋಡುತ್ತಿರಲಿಲ್ಲ. ನನ್ನ ಹೆಗಲಾಚೆ, ನಾನು ಬೆನ್ನು ಹಾಕಿ ಕೂತಿದ್ದ ಒಳಮನೆಯ ಬಾಗಿಲನ್ನು ನೋಡುತ್ತಿದ್ದ.

"ನನ್ನ ಕೇಳಬೇಡ ಅಕ್ಕ," ಎಂದ. "ಅಲ್ಲೇ ನಿಂತಿದ್ದಾನೆ. ಅವನನ್ನೇ ಕೇಳು."